ಪರದೆಯ ಆಕಾಶದಲ್ಲಿ ಮೇಡೇ ಕರೆ

ಫ್ಲೈಟ್ ಸಿಮ್ಯುಲೇಟರಿನಲ್ಲಿ ಎಂಜಿನ್ ಕೆಡಿಸುವುದು ಬಹಳ ಸುಲಭ. ಎಕ್ಸ್-ಪ್ಲೇನ್ ತಂತ್ರಾಂಶದ ವೈಫಲ್ಯಗಳ ಪಟ್ಟಿಯಲ್ಲಿ ಒಂದು ಸಾಲು ಆರಿಸಿದರೆ ಎಂಜಿನ್ನಿಗೆ ಬೆಂಕಿ ಬೀಳುತ್ತದೆ, ಇನ್ನೊಂದನ್ನು ಆರಿಸಿದರೆ ಹೈಡ್ರಾಲಿಕ್ ಒತ್ತಡ ಇಳಿಯುತ್ತದೆ, ಮತ್ತೊಂದಕ್ಕೆ ಹಕ್ಕಿಗಳ ಹಿಂಡು ಬಂದು ಬಡಿಯುತ್ತದೆ. ಒಬ್ಬರೇ ಕುಳಿತು ಹಾರಿಸುವಾಗ ಇದರಿಂದ ಯಾರಿಗೂ ತೊಂದರೆಯಿಲ್ಲ. ಕೈಮೀರಿದರೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಬಹುದು. ಆದರೆ ಅದೇ ವಿಮಾನ ಆನ್‌ಲೈನ್ ಜಾಲವೊಂದರಲ್ಲಿ ಹಾರುತ್ತಿದ್ದು, ರೇಡಿಯೊದ ಆಚೆ ತುದಿಯಲ್ಲಿ ಮನುಷ್ಯನೊಬ್ಬ ಕಂಟ್ರೋಲರ್ ಆಗಿ ಕುಳಿತಿದ್ದರೆ ಲೆಕ್ಕ ಬೇರೆ. ಕೆಟ್ಟ ಎಂಜಿನ್ ಆಗ ಒಬ್ಬ ಪೈಲಟ್‌ನ ಖಾಸಗಿ ಸಮಸ್ಯೆಯಾಗಿ ಉಳಿಯುವುದಿಲ್ಲ. ಸುತ್ತಲಿನ ಹತ್ತಾರು ವಿಮಾನಗಳ ದಾರಿ, ಎತ್ತರ, ಇಳಿಯುವ ಸರದಿ ಎಲ್ಲವೂ ಅದರಿಂದ ಅಲುಗಾಡುತ್ತವೆ.

ಇಂಥ ಜಾಲಗಳಿಗೆ ಕಾಲು ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. 1990ರ ದಶಕದ ಉತ್ತರಾರ್ಧದಲ್ಲಿ ಸ್ಯಾಟ್ಕೊ ಎಂಬ ಹವ್ಯಾಸಿಗಳ ಸಂಘಟನೆ, ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವವರನ್ನೂ ಮನೆಯಲ್ಲೇ ರೇಡಾರ್ ಪರದೆ ತೆರೆದು ಕೂರುವವರನ್ನೂ ಅಂತರ್ಜಾಲದ ಮೂಲಕ ಜೋಡಿಸಿತು. ಅದರಿಂದ ಕವಲೊಡೆದು 1998ರಲ್ಲಿ ಐವಾವೊ, 2001ರಲ್ಲಿ ವ್ಯಾಟ್ಸಿಮ್ ಹುಟ್ಟಿದವು. ಇವೆರಡೂ ಉಚಿತ. ಕಂಟ್ರೋಲರ್‌ಗಳು ಸಂಬಳವಿಲ್ಲದ ಸ್ವಯಂಸೇವಕರು. ವ್ಯಾಟ್ಸಿಮ್ ಸೇರಲು 13 ವರ್ಷ ತುಂಬಿದ್ದರೆ ಸಾಕು. ಹಾಗಾಗಿ ನಿಲ್ದಾಣದತ್ತ ಬರುವ ವಿಮಾನಗಳನ್ನು ನಡೆಸುವ ಕಂಟ್ರೋಲರನ್ನು ‘ಅಪ್ರೋಚ್’ ಎಂದು ಕರೆದಾಗ ಓಗೊಡುವವರು ಹೈಸ್ಕೂಲು ಹುಡುಗರಿರಬಹುದು, ನಿವೃತ್ತ ಎಂಜಿನಿಯರ್ ಇರಬಹುದು, ಹಗಲಿಡೀ ನಿಜವಾದ ಗೋಪುರದಲ್ಲಿ ದುಡಿದು ಬಂದು ರಾತ್ರಿ ಮತ್ತೆ ಅದೇ ಕೆಲಸವನ್ನು ಖುಷಿಗೆ ಮಾಡುವ ಕಂಟ್ರೋಲರ್ ಕೂಡ ಇರಬಹುದು. ಭಾರತದ ಆಕಾಶಕ್ಕೂ ಎರಡೂ ಜಾಲಗಳಲ್ಲಿ ವಿಭಾಗಗಳಿವೆ. ಬೆಂಗಳೂರಿನ ಗೋಪುರವನ್ನು ಯಾರೋ ಹವ್ಯಾಸಿ ತಮ್ಮ ಮನೆಯ ಮೇಜಿನಿಂದ ನಡೆಸುವ ಸಂಜೆಗಳುಂಟು.

ಈ ಆಕಾಶದಲ್ಲಿ ತುರ್ತುಸ್ಥಿತಿಯ ಮೂಲನಿಯಮವೇ ನಿಜಲೋಕದ್ದಕ್ಕೆ ತದ್ವಿರುದ್ಧವಾಗಿದೆ. ವಿಮಾನವನ್ನು ಏನು ಮಾಡಬೇಕೆಂಬ ಅಂತಿಮ ಅಧಿಕಾರ ಪೈಲಟ್‌ನದೇ ಎಂದು ಅಂತರರಾಷ್ಟ್ರೀಯ ವಾಯುಯಾನ ನಿಯಮಗಳು ಹೇಳುತ್ತವೆ. ಜೀವ ಉಳಿಸಲು ಯಾವ ನಿಯಮವನ್ನಾದರೂ ಮುರಿಯುವ ಸ್ವಾತಂತ್ರ್ಯ ಅವನಿಗಿದೆ. ನಿಜವಾದ ಕಂಟ್ರೋಲರ್ ‘ಈಗ ಬಿಡುವಿಲ್ಲ, ನಿಮ್ಮ ಬೆಂಕಿ ನಂದಿಸಿಕೊಳ್ಳಿ’ ಎನ್ನಲಾರ. ವ್ಯಾಟ್ಸಿಮ್‌ನ ಕಂಟ್ರೋಲರ್ ಅದನ್ನೇ ಹೇಳಬಹುದು. ಅದರ ನಡವಳಿಕೆ ಸಂಹಿತೆಯ ಪ್ರಕಾರ ಪೈಲಟ್ ತುರ್ತುಸ್ಥಿತಿ ಘೋಷಿಸಬಹುದು, ಆದರೆ ಕಂಟ್ರೋಲರ್ ಯಾವುದೇ ಕಾರಣಕ್ಕೆ ಅದನ್ನು ಕೊನೆಗೊಳಿಸಲು ಕೇಳಿದರೆ ತಕ್ಷಣ ಕೊನೆಗೊಳಿಸಬೇಕು. ಮನಸ್ಸಿಲ್ಲದಿದ್ದರೆ, ಅಥವಾ ಸಾಧ್ಯವಾಗದಿದ್ದರೆ, ಜಾಲದಿಂದ ಹೊರಬೀಳಬೇಕು. ಅಪಹರಣದ ನಟನೆಗಂತೂ ಪೂರ್ತಿ ನಿಷೇಧ. ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ಅಪಹರಣ ಸೂಚಿಸುವ 7500 ಎಂಬ ಸಂಕೇತ ಹಾಕಿ ತಮಾಷೆ ನೋಡುವವರನ್ನು ಜಾಲ ಅಲ್ಲಿಯೇ ಹೊರದಬ್ಬುತ್ತದೆ.

ಮೇಲ್ನೋಟಕ್ಕೆ ಇದು ಸಿಮ್ಯುಲೇಶನ್ನಿನ ನೈಜತೆಗೆ ಕೊಡಲಿಪೆಟ್ಟು ಅನ್ನಿಸಬಹುದು. ಆದರೆ ನಿಯಮ ನ್ಯಾಯವಾಗಿಯೇ ಇದೆ. ನಿಜಲೋಕದಲ್ಲಿ ತುರ್ತುಸ್ಥಿತಿ ಅಪರೂಪ. ಪ್ರಾಣಾಪಾಯದ ಕರೆಯಾದ ಮೇಡೇಯನ್ನು ಒಬ್ಬ ಕಂಟ್ರೋಲರ್ ವರ್ಷಗಟ್ಟಲೆ ಕೇಳದೆ ಇರಬಹುದು. ಗುಂಡಿ ಒತ್ತಿದರೆ ಎಂಜಿನ್ ಕೆಡುವ ಲೋಕದಲ್ಲಿ ಪ್ರತಿ ಪೈಲಟ್‌ಗೂ ಆ ಆಸೆ ಬಂದರೆ ಒಂದು ಸಂಜೆಗೆ ಹತ್ತು ಮೇಡೇಗಳಾಗುತ್ತವೆ, ಉಳಿದ ಮೂವತ್ತು ಜನರ ಸಂಜೆ ಹಾಳಾಗುತ್ತದೆ. ರೇಡಿಯೊ ತರಂಗಾಂತರ ಊರಿಗೊಂದೇ ಬಾವಿಯಿದ್ದಂತೆ. ಒಬ್ಬರ ಕೊಡ ಇಳಿದಿರುವಾಗ ಉಳಿದವರು ಕಾಯಲೇಬೇಕು. ಆ ಬಾವಿಯ ಕಾವಲಿನ ಹಕ್ಕನ್ನು ಜಾಲವು ಕಂಟ್ರೋಲರ್ ಕೈಗೆ ಕೊಟ್ಟಿದೆ, ಅಷ್ಟೆ.

ಅನುಭವಿ ಪೈಲಟ್‌ಗಳು ಈ ನಿಯಮವನ್ನು ಅಡ್ಡಿಯೆಂದು ಕಾಣದೆ ಅದನ್ನೇ ಅಭ್ಯಾಸದ ಭಾಗ ಮಾಡಿಕೊಳ್ಳುತ್ತಾರೆ. ಹೊರಡುವ ಮುನ್ನವೇ ಕಂಟ್ರೋಲರ್‌ಗೆ ಖಾಸಗಿ ಪಠ್ಯಸಂದೇಶ ಕಳಿಸಿ, ಇವತ್ತು ಎಂಜಿನ್ ವೈಫಲ್ಯದ ಅಭ್ಯಾಸಕ್ಕೆ ಅನುಕೂಲವಿದೆಯೇ ಎಂದು ಕೇಳುವುದು ವಾಡಿಕೆ. ಸಂಚಾರ ವಿರಳವಾಗಿದ್ದರೆ ಬಹುಪಾಲು ಕಂಟ್ರೋಲರ್‌ಗಳು ಖುಷಿಯಿಂದಲೇ ಒಪ್ಪುತ್ತಾರೆ, ಏಕೆಂದರೆ ಅವರಿಗೂ ಅದು ಅಭ್ಯಾಸ. ಮೊದಲೇ ಹೇಳಿದರೆ ಅನಿರೀಕ್ಷಿತತೆ ಎಲ್ಲಿ ಉಳಿಯಿತು ಎಂಬ ಆಕ್ಷೇಪಕ್ಕೆ ತಂತ್ರಾಂಶದಲ್ಲೇ ಉತ್ತರವಿದೆ. ಎಕ್ಸ್-ಪ್ಲೇನಿನಲ್ಲಿ ವೈಫಲ್ಯವನ್ನು ಇಂಥ ವೇಗದಲ್ಲಿ, ಇಂಥ ಎತ್ತರದಲ್ಲಿ ಎಂದು ನಿಗದಿ ಮಾಡಬಹುದು, ಅಥವಾ ಯಾದೃಚ್ಛಿಕಕ್ಕೆ ಬಿಟ್ಟು ಮರೆತೇಬಿಡಬಹುದು. ಬೋಧಕರ ಪರದೆಯಲ್ಲಿ ಕುಳಿತ ಗೆಳೆಯರೊಬ್ಬರು ತಮಗೆ ಬೇಕಾದ ಗಳಿಗೆಯಲ್ಲಿ ಏನನ್ನಾದರೂ ಕೆಡಿಸಬಹುದು. ಏನೋ ಆಗಲಿದೆ ಎಂಬುದು ಗೊತ್ತು, ಏನು ಮತ್ತು ಯಾವಾಗ ಎಂಬುದು ಗೊತ್ತಿಲ್ಲ.

ನಿಜಕ್ಕೂ ಬೇಡದೆ ಬರುವ ತುರ್ತುಗಳು ಬೇರೆಯೇ ಇವೆ. ಸಿಮ್ಯುಲೇಟರ್ ತಾನೇ ಸ್ಥಗಿತಗೊಂಡು ಪರದೆ ಮಾಯವಾಗುವುದು, ಮನೆಯ ಇಂಟರ್ನೆಟ್ ಕಡಿದುಹೋಗುವುದು, ಜಾಯ್‌ಸ್ಟಿಕ್ಕಿನ ತಂತಿ ಸಡಿಲವಾಗಿ ವಿಮಾನ ಒಂದೇ ಕಡೆಗೆ ವಾಲುವುದು, ಇಂಧನದ ಲೆಕ್ಕ ತಪ್ಪುವುದು. ಇವುಗಳಿಗೆ ಯಾರ ಅನುಮತಿಯನ್ನೂ ಕೇಳಲು ಬರುವುದಿಲ್ಲ. ಕೊನೆಯದು ಅತ್ಯಂತ ಸ್ವಾರಸ್ಯಕರ, ಏಕೆಂದರೆ ಅದು ನಟನೆಯಲ್ಲ, ನಿಜವಾದ ವಿಮಾನದಲ್ಲಿ ಹೇಗೆ ಒದಗುತ್ತದೆಯೋ ಹಾಗೆಯೇ ಇಲ್ಲೂ ಒದಗುತ್ತದೆ. ‘ಕ್ರಾಸ್ ದ ಪಾಂಡ್’ ಎಂಬ ವ್ಯಾಟ್ಸಿಮ್ ಕಾರ್ಯಕ್ರಮದಲ್ಲಿ ನೂರಾರು ವಿಮಾನಗಳು ಒಂದೇ ದಿನ ಅಟ್ಲಾಂಟಿಕ್ ಸಾಗರ ದಾಟುತ್ತವೆ. ಆರೇಳು ಗಂಟೆ ಹಾರಿ ದಡ ಸೇರುವ ಹೊತ್ತಿಗೆ ಗಮ್ಯದಲ್ಲಿ ಸಾಲು ಬೆಳೆದಿರುತ್ತದೆ, ಕಂಟ್ರೋಲರ್ ಎಲ್ಲರನ್ನೂ ಆಕಾಶದಲ್ಲಿ ಸುತ್ತುಹಾಕಿಸುತ್ತಾನೆ. ಕಾಯುವಿಕೆಗೆಂದು ಹೆಚ್ಚು ಇಂಧನ ತುಂಬಿಸದವರ ಮುಖದ ಬಣ್ಣ ಬದಲಾಗುವುದು ಅಲ್ಲಿ.

ತುರ್ತು ಯಾವುದೇ ಇರಲಿ, ಪೈಲಟ್ ಮಾಡಬೇಕಾದ ಕೆಲಸಗಳ ಸರದಿಯನ್ನು ವಾಯುಯಾನ ಬಹಳ ಹಿಂದೆಯೇ ಗೊತ್ತುಮಾಡಿದೆ. ಮೊದಲು ವಿಮಾನ ಹಾರಿಸು, ನಂತರ ಎಲ್ಲಿಗೆ ಹೋಗಬೇಕೆಂದು ನೋಡು, ಮಾತು ಆಮೇಲೆ. ಆನ್‌ಲೈನ್ ಪೈಲಟ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ. ಕಂಟ್ರೋಲರ್ ಕೇಳಿಸಿಕೊಳ್ಳುತ್ತಿದ್ದಾನೆ ಎಂಬ ಅರಿವೇ ಒಂದು ಒತ್ತಡ. ಎಚ್ಚರಿಕೆಯ ಗಂಟೆ ಬಾರಿಸಿದೊಡನೆ ಮೈಕಿನ ಗುಂಡಿ ಒತ್ತಿ ವಿವರಿಸಲು ಹೊರಟವರ ವಿಮಾನ ಅಷ್ಟರಲ್ಲಿ ವೇಗ ಕಳೆದುಕೊಂಡಿರುತ್ತದೆ. ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೆ ವಿಮಾನ ಸತ್ತ ಎಂಜಿನ್ನಿನ ಕಡೆಗೆ ತಿರುಗತೊಡಗುತ್ತದೆ. ಕಾಲಿನ ರಡರ್‌ನಿಂದ ಅದನ್ನು ಹಿಡಿದು ನೇರಗೊಳಿಸುವುದು, ಚಕ್ರ ಮೇಲೆತ್ತುವುದು, ಸುರಕ್ಷಿತ ವೇಗದಲ್ಲಿ ಏರುವುದು, ಇವು ಮುಗಿಯುವವರೆಗೆ ಜಗತ್ತಿನ ಯಾವ ಕಂಟ್ರೋಲರ್ ಕೂಡ ಸಹಾಯ ಮಾಡಲಾರ. ಆ ಹೊತ್ತಿನಲ್ಲಿ ಆತ ಏನಾದರೂ ಕೇಳಿದರೆ ‘ಸ್ಟ್ಯಾಂಡ್‌ಬೈ’ ಎಂಬ ಒಂದೇ ಮಾತು ಸಾಕು. ಅದು ಉದ್ಧಟತನವಲ್ಲ, ನೈಜ ರೇಡಿಯೊ ಭಾಷೆಯ ಅಂಗೀಕೃತ ಉತ್ತರ.

ಹೀಗಿದ್ದರೂ ಅಚ್ಚರಿ ಕೆಲವು ಸೆಕೆಂಡುಗಳನ್ನು ನುಂಗಿಯೇ ನುಂಗುತ್ತದೆ. 2009ರ ಜನವರಿ 15ರಂದು ನ್ಯೂಯಾರ್ಕಿನ ಲಗಾರ್ಡಿಯಾದಿಂದ ಹೊರಟ ಯುಎಸ್ ಏರ್‌ವೇಸ್ 1549 ವಿಮಾನಕ್ಕೆ ಹಕ್ಕಿಗಳು ಬಡಿದು ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಸುಮಾರು ಮೂರೂವರೆ ನಿಮಿಷದಲ್ಲಿ ಅದು ಹಡ್ಸನ್ ನದಿಯ ಮೇಲೆ ಇಳಿಯಿತು. ಅದರಲ್ಲಿದ್ದ 155 ಜನರೂ ಬದುಕಿದರು. ತನಿಖೆಯ ವೇಳೆ ಇದೇ ಸನ್ನಿವೇಶವನ್ನು ಸಿಮ್ಯುಲೇಟರಿನಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಲಾಯಿತು. ಹಕ್ಕಿ ಬಡಿದ ಗಳಿಗೆಯಲ್ಲೇ ವಿಮಾನ ತಿರುಗಿಸಿದ ಕೆಲವು ಹಾರಾಟಗಳು ರನ್‌ವೇ ತಲುಪಿದವು. ಏನಾಯಿತೆಂದು ಅರಿತು ನಿರ್ಧರಿಸಲು ಬೇಕಾದ 35 ಸೆಕೆಂಡುಗಳನ್ನು ಸೇರಿಸಿದಾಗ ಹಾರಾಟ ರನ್‌ವೇ ಮುಟ್ಟಲಿಲ್ಲ. ಮುಂಚೆಯೇ ಗೊತ್ತಿರುವ ವೈಫಲ್ಯಕ್ಕೂ ಗೊತ್ತಿಲ್ಲದ ವೈಫಲ್ಯಕ್ಕೂ ಇರುವ ಅಂತರ ಆ 35 ಸೆಕೆಂಡುಗಳಲ್ಲಿದೆ. ತಾನೇ ಗುಂಡಿ ಒತ್ತಿ ತಾನೇ ಲಗಾರ್ಡಿಯಾಗೆ ಮರಳಿ ‘ನಾನಾಗಿದ್ದರೆ ಇಳಿಸುತ್ತಿದ್ದೆ’ ಎನ್ನುವ ಮನೆ ಪೈಲಟ್‌ಗಳು ಇದನ್ನು ಗಮನಿಸುವುದು ಕಡಿಮೆ.

ಅದೇ ಘಟನೆಯಲ್ಲಿ ರೇಡಿಯೊದ ಮಿತಿಯೂ ಕಾಣುತ್ತದೆ. ಪೈಲಟ್ ಮೇಡೇ ಎಂದು ಮೊದಲ ಕರೆ ಕೊಟ್ಟ ಕ್ಷಣದಲ್ಲೇ ಕಂಟ್ರೋಲರ್ ಪ್ಯಾಟ್ರಿಕ್ ಹಾರ್ಟನ್ ಅದೇ ವಿಮಾನಕ್ಕೆ ಮಾಮೂಲಿ ಸೂಚನೆಯೊಂದನ್ನು ಕೊಡುತ್ತಿದ್ದರು, ಕರೆಯ ಆರಂಭ ಅವರ ಕಿವಿಗೆ ಬೀಳಲಿಲ್ಲ. ಪೈಲಟ್ ತನ್ನದೇ ವಿಮಾನದ ಸಂಖ್ಯೆಯನ್ನು 1549ರ ಬದಲು 1539 ಎಂದರು. ಆದರೂ ಕೆಲಸ ನಡೆಯಿತು. ಎರಡೂ ಎಂಜಿನ್ ಹೋಗಿವೆ, ವಾಪಸು ತಿರುಗುತ್ತಿದ್ದೇವೆ ಎಂಬ ಎರಡು ಸಂಗತಿಗಳು ತಲುಪಿದ್ದೇ ತಡ, ಹಾರ್ಟನ್ ಲಗಾರ್ಡಿಯಾದ ನಿರ್ಗಮನಗಳನ್ನು ನಿಲ್ಲಿಸಿದರು. ನಂತರ ಒಂದಾದ ಮೇಲೊಂದು ರನ್‌ವೇಯನ್ನು ಮುಂದಿಟ್ಟರು, ಟೆಟರ್‌ಬರೊ ವಿಮಾನ ನಿಲ್ದಾಣವನ್ನೂ ಸಿದ್ಧಮಾಡಿಸಿದರು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಕೇಳಿಸದ ಈ ತೊಡಕು ಇಂದು ಮನೆಯ ಸಿಮ್ಯುಲೇಶನ್ನಿನಲ್ಲೂ ಇದೆ. 2019ರ ಅಕ್ಟೋಬರಿನಲ್ಲಿ ವ್ಯಾಟ್ಸಿಮ್ ಹೊಸ ಧ್ವನಿ ವ್ಯವಸ್ಥೆ ತಂದಾಗ ರೇಡಿಯೊದ ವ್ಯಾಪ್ತಿ, ದೂರಕ್ಕೆ ತಕ್ಕಂತೆ ಮಸುಕಾಗುವ ಸ್ವರ, ಮಾತಿಗೆ ಮಾತು ಡಿಕ್ಕಿಯಾದಾಗ ಕೇಳುವ ಕೀರಲು ಸದ್ದು ಎಲ್ಲವನ್ನೂ ಸೇರಿಸಿತು.

ಮೇಡೇ ಕರೆಗೆ ಒಂದು ಅಚ್ಚಿದೆ. ಮೇಡೇ ಎಂದು ಮೂರು ಸಲ, ಕರೆಯುತ್ತಿರುವ ಕೇಂದ್ರದ ಹೆಸರು, ತನ್ನ ಕರೆಸಂಕೇತ, ಏನಾಗಿದೆ, ಏನು ಮಾಡಬೇಕೆಂದಿದ್ದೇನೆ, ಎಲ್ಲಿದ್ದೇನೆ, ಯಾವ ಎತ್ತರ, ಯಾವ ದಿಕ್ಕು. ವಿಮಾನದಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ಹೊತ್ತಿನ ಇಂಧನವಿದೆ ಎಂಬುದನ್ನು ಬಿಡುವಾದಾಗ ಹೇಳಬಹುದು. ಪ್ರಾಣಾಪಾಯ ಕಣ್ಣೆದುರಿಲ್ಲದೆ ಸಹಾಯದ ಅಗತ್ಯ ಮಾತ್ರ ಇದ್ದರೆ ‘ಪ್ಯಾನ್ ಪ್ಯಾನ್’ ಎಂಬ ಇನ್ನೊಂದು ಕರೆ ಇದೆ. ಟ್ರಾನ್ಸ್‌ಪಾಂಡರಿಗೆ 7700 ಹಾಕಿದರೆ ಕಂಟ್ರೋಲರ್‌ನ ಪರದೆಯಲ್ಲಿ ಆ ವಿಮಾನದ ಗುರುತು ಎದ್ದುಕಾಣುತ್ತದೆ. ಆದರೆ ಕಂಟ್ರೋಲರ್ ಈಗಾಗಲೇ ವಿಮಾನವನ್ನು ಗುರುತಿಸಿ ಮಾತಾಡುತ್ತಿದ್ದರೆ ಸಂಕೇತ ಬದಲಿಸುವ ಅವಸರವೇನೂ ಇಲ್ಲ.

ಸಂಕೋಚಪಟ್ಟು ಅರ್ಧಮರ್ಧ ಹೇಳುವುದರ ಬೆಲೆ ಏನೆಂಬುದಕ್ಕೆ ವಾಯುಯಾನದಲ್ಲಿ ಕಹಿಯಾದ ಉದಾಹರಣೆಯೊಂದಿದೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದ ಏವಿಯಾಂಕಾ 52, ಬೋಯಿಂಗ್ 707, ಕೆಟ್ಟ ಹವೆಯ ಕಾರಣ ಮೂರು ಕಡೆ ಸೇರಿ ಒಟ್ಟು 77 ನಿಮಿಷ ಆಕಾಶದಲ್ಲಿ ಸುತ್ತಿತು. ಇಂಧನ ಮುಗಿಯುತ್ತಿದೆ ಎಂದು ಸಹಪೈಲಟ್ ಹೇಳಿದ್ದು ಹೌದು, ಆದ್ಯತೆ ಬೇಕೆಂದು ಕೇಳಿದ್ದೂ ಹೌದು. ಆದರೆ ತುರ್ತುಸ್ಥಿತಿ ಎಂಬ ಪದವನ್ನಾಗಲಿ ಮೇಡೇ ಎಂದಾಗಲಿ ಯಾರೂ ಬಳಸಲಿಲ್ಲ. ಕಂಟ್ರೋಲರ್‌ಗಳಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕೋರಿಕೆಯಾಗಿ ಕೇಳಿಸಿತು. ಮೊದಲ ಸಲ ಇಳಿಯಲಾಗದೆ ಮೇಲೆದ್ದ ವಿಮಾನ ಎರಡನೆಯ ಪ್ರಯತ್ನಕ್ಕೆ ಬರುವಷ್ಟರಲ್ಲಿ ಎಂಜಿನ್‌ಗಳು ಒಣಗಿ ನಿಂತವು. ಲಾಂಗ್ ಐಲೆಂಡಿನ ಕೋವ್ ನೆಕ್ ಬಳಿ ಅದು ಬಿದ್ದಾಗ 158 ಜನರಲ್ಲಿ 73 ಮಂದಿ ಸತ್ತರು. ಈಗ ಅಂತರರಾಷ್ಟ್ರೀಯ ನಿಯಮಗಳಲ್ಲಿ ಎರಡು ನಿರ್ದಿಷ್ಟ ಕರೆಗಳಿವೆ. ಇನ್ನು ತಡವಾದರೆ ಕಾಯ್ದಿಟ್ಟ ಇಂಧನಕ್ಕೆ ಕೈಹಚ್ಚಬೇಕಾದೀತು ಎನ್ನುವಾಗ ‘ಮಿನಿಮಮ್ ಫ್ಯೂಯೆಲ್’, ಅದಕ್ಕೆ ಕೈಹಚ್ಚಿಯೇ ಇಳಿಯಬೇಕೆಂದು ಖಚಿತವಾದಾಗ ‘ಮೇಡೇ ಫ್ಯೂಯೆಲ್’. ಮೊದಲನೆಯದು ಎಚ್ಚರಿಕೆ ಮಾತ್ರ, ಅದರಿಂದ ಸರದಿಯಲ್ಲಿ ಮುಂದೆ ಹೋಗುವ ಹಕ್ಕು ಬರುವುದಿಲ್ಲ.

ಆನ್‌ಲೈನ್ ಜಾಲದ ಜನದಟ್ಟಣೆಯ ರಾತ್ರಿಗಳಲ್ಲಿ ಈ ಎರಡು ಕರೆಗಳು ಕಲಿಯಲು ಯೋಗ್ಯ. ಸುತ್ತುಹಾಕುತ್ತಿರುವ ಪೈಲಟ್ ‘ಸ್ವಲ್ಪ ಇಂಧನ ಕಡಿಮೆ ಇದೆ, ಬೇಗ ಇಳಿಸಿದರೆ ಒಳ್ಳೆಯದು’ ಎಂದರೆ ಕಂಟ್ರೋಲರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನು 15 ನಿಮಿಷ ಕಾಯಬಲ್ಲೆ, ಆಮೇಲೆ ಬೇರೆ ನಿಲ್ದಾಣಕ್ಕೆ ಹೋಗಬೇಕು ಎಂದರೆ ಆತ ಲೆಕ್ಕ ಹಾಕಬಲ್ಲ. ಮೇಡೇ ಹೇಳಿ ಸಾಲು ಮುರಿಯುವುದಕ್ಕಿಂತ ಹತ್ತಿರದ ಖಾಲಿ ನಿಲ್ದಾಣಕ್ಕೆ ತಾನಾಗಿ ತಿರುಗಿಕೊಂಡ ಪೈಲಟ್‌ನ ಬಗ್ಗೆ ಕಂಟ್ರೋಲರ್‌ಗಳಿಗೆ ಗೌರವ ಹೆಚ್ಚು. ನಿಜಲೋಕದಲ್ಲೂ ಜಾಣ ಕ್ಯಾಪ್ಟನ್ ಮಾಡುವುದು ಅದನ್ನೇ.

ಮೇಡೇ ಮತ್ತು ಪ್ಯಾನ್ ನಡುವಿನ ಗೆರೆ ಪುಸ್ತಕದಲ್ಲಿರುವಷ್ಟು ಸ್ಪಷ್ಟವಾಗಿ ಆಕಾಶದಲ್ಲಿ ಇರುವುದಿಲ್ಲ. 1998ರ ಸೆಪ್ಟೆಂಬರ್ 2ರ ರಾತ್ರಿ ಕೆನಡಾದ ಕರಾವಳಿಯಲ್ಲಿ ಸ್ವಿಸ್ಏರ್ 111ರ ಪೈಲಟ್‌ಗಳು ಕಾಕ್‌ಪಿಟ್ಟಿನಲ್ಲಿ ಹೊಗೆ ಕಂಡು ಪ್ಯಾನ್ ಪ್ಯಾನ್ ಎಂದರು. ಕಂಟ್ರೋಲರ್ ಹತ್ತಿರದ ಹ್ಯಾಲಿಫ್ಯಾಕ್ಸ್ ಸೂಚಿಸಿದ, ಅವರು ಒಪ್ಪಿದರು. ತೂಕ ಇಳಿಸಲು ಇಂಧನ ಚೆಲ್ಲಬೇಕೆಂದು ವಿಮಾನವನ್ನು ಸಮುದ್ರದ ಕಡೆ ತಿರುಗಿಸಲಾಯಿತು. ಮೊದಲ ಕರೆಯಿಂದ ಸುಮಾರು ಹತ್ತು ನಿಮಿಷಕ್ಕೆ ತುರ್ತುಸ್ಥಿತಿ ಘೋಷಣೆಯಾಯಿತು, ಹದಿನೇಳನೆಯ ನಿಮಿಷಕ್ಕೆ ವಿಮಾನ ನೀರಿಗೆ ಬಿತ್ತು. 229 ಜನರಲ್ಲಿ ಯಾರೂ ಉಳಿಯಲಿಲ್ಲ. ತಕ್ಷಣವೇ ಇಳಿಯಲು ಹೊರಟಿದ್ದರೂ ರನ್‌ವೇ ತಲುಪಲಾಗುತ್ತಿರಲಿಲ್ಲ ಎಂದೇ ತನಿಖೆ ಹೇಳಿತು, ಹಾಗಾಗಿ ಪೈಲಟ್‌ಗಳನ್ನು ದೂರುವಂತಿಲ್ಲ. ಆದರೂ ಹೊಗೆ ಅಥವಾ ಬೆಂಕಿ ಎಂದರೆ ಕಾಯದೆ ಇಳಿಯಬೇಕು ಎಂಬ ಪಾಠವನ್ನು ಆ ಬಳಿಕ ವಿಮಾನ ಸಂಸ್ಥೆಗಳು ಗಟ್ಟಿಯಾಗಿ ಬೋಧಿಸತೊಡಗಿದವು.

ಕಂಟ್ರೋಲರ್‌ನ ಬದಿಗೆ ಬಂದರೆ, ನಿಜಲೋಕದ ತರಬೇತಿಯಲ್ಲಿ ‘ಅಸಿಸ್ಟ್’ ಎಂಬ ನೆನಪಿನ ಸೂತ್ರವೊಂದು ಬಳಕೆಯಲ್ಲಿದೆ, ಹವ್ಯಾಸಿಗಳಿಗೂ ಅದು ಹೊಂದುತ್ತದೆ. ಕರೆಯನ್ನು ಕೇಳಿಸಿಕೊಂಡೆ ಎಂದು ಹೇಳಬೇಕು, ಇತರ ವಿಮಾನಗಳನ್ನು ದೂರ ಸರಿಸಬೇಕು, ತರಂಗಾಂತರದಲ್ಲಿ ಮೌನ ತರಬೇಕು, ತಿಳಿಯಬೇಕಾದವರಿಗೆ ತಿಳಿಸಬೇಕು, ಪೈಲಟ್‌ಗೆ ಬೇಕಾದ ನೆರವು ಕೊಡಬೇಕು. ಸೂತ್ರದ ಕೊನೆಯ ಅಂಶ ಸಮಯ, ಪೈಲಟ್‌ಗೆ ಯೋಚಿಸಲು ಅವಕಾಶ ಬಿಡುವುದು. ಹೊಸ ಕಂಟ್ರೋಲರ್‌ಗಳಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಎಷ್ಟು ಜನ, ಎಷ್ಟು ಇಂಧನ, ಯಾವ ರನ್‌ವೇ, ಏನು ಕೆಟ್ಟಿದೆ ಎಂದು ಒಂದೇ ಉಸಿರಿಗೆ ಕೇಳುವ ಉತ್ಸಾಹ ಅವರದು. ಎಲ್ಲ ಕೆಲಸ ಸಲೀಸಾಗಿ ನಡೆಯುವ ನಿಜವಾದ ಕೇಂದ್ರದಲ್ಲಿ ಒಬ್ಬ ಕಂಟ್ರೋಲರ್ ತುರ್ತು ವಿಮಾನವನ್ನು ನೋಡಿಕೊಂಡರೆ ಪಕ್ಕದವರು ಉಳಿದದ್ದನ್ನು ಹಂಚಿಕೊಳ್ಳುತ್ತಾರೆ. ಆನ್‌ಲೈನ್ ಜಾಲದಲ್ಲಿ ಹಾಗಿರುವುದಿಲ್ಲ. ಕೆಳಗಿನ ಹುದ್ದೆಗಳಲ್ಲಿ ಯಾರೂ ಇಲ್ಲದಿದ್ದರೆ ಅಪ್ರೋಚ್ ಕಂಟ್ರೋಲರೇ ಗೋಪುರವನ್ನೂ ನೆಲದ ಸಂಚಾರವನ್ನೂ ಹೊರಡುವ ಅನುಮತಿಯನ್ನೂ ನೋಡಿಕೊಳ್ಳುವುದು ಅಲ್ಲಿಯ ಪದ್ಧತಿ. ಒಬ್ಬ ಮೇಡೇ ಎನ್ನುವಾಗಲೇ ಇನ್ನೊಬ್ಬ ಗೇಟಿನಿಂದ ಹಿಂದೆ ಸರಿಯಲು ಅನುಮತಿ ಕೇಳುತ್ತಿರುತ್ತಾನೆ. ಹೀಗಿರುವಾಗ ತುರ್ತನ್ನು ನಿರಾಕರಿಸುವ ಕಂಟ್ರೋಲರ್ ಸೋಮಾರಿಯೆಂದು ಭಾವಿಸುವುದು ತಪ್ಪು. ಅದು ತನ್ನ ಮಿತಿ ಅರಿತವನ ನಿರ್ಧಾರ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವನ್ನೇ ತೆಗೆದುಕೊಂಡು ಒಂದು ಸನ್ನಿವೇಶ ಕಲ್ಪಿಸಿಕೊಳ್ಳಬಹುದು. ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು, ಒಂದೇ ಎಂಜಿನ್ನಿನಲ್ಲಿ ಏರುವುದು ಕರಾವಳಿಯ ನಿಲ್ದಾಣದಲ್ಲಿ ಏರಿದಷ್ಟು ಸಲೀಸಲ್ಲ. ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ 1,478 ಮೀಟರ್ ಎತ್ತರದ ನಂದಿಬೆಟ್ಟ ನಿಂತಿದೆ. ‘ಸಹ್ಯಾದ್ರಿ 412’ ಎಂಬ ಕಾಲ್ಪನಿಕ ಕರೆಸಂಕೇತದ ಏರ್‌ಬಸ್ 320 ದಕ್ಷಿಣದ ರನ್‌ವೇಯಿಂದ ಪೂರ್ವಕ್ಕೆ ಹೊರಟು ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಅದರ ಬಲ ಎಂಜಿನ್ ನಿಲ್ಲುತ್ತದೆ. ಪೈಲಟ್ ಮೊದಲು ವಿಮಾನವನ್ನು ಹದಕ್ಕೆ ತರುತ್ತಾನೆ. ಅರ್ಧ ನಿಮಿಷ ಕಳೆದ ಮೇಲೆ ರೇಡಿಯೊದಲ್ಲಿ ಇಷ್ಟು ಮಾತು: ‘ಮೇಡೇ, ಮೇಡೇ, ಮೇಡೇ, ಬೆಂಗಳೂರು ಅಪ್ರೋಚ್, ಸಹ್ಯಾದ್ರಿ 412, ಎಂಜಿನ್ ಫೇಲ್ಯೂರ್, ಮೇಂಟೇನಿಂಗ್ ರನ್‌ವೇ ಹೆಡಿಂಗ್, ಕ್ಲೈಂಬಿಂಗ್ 6000 ಫೀಟ್, ಸ್ಟ್ಯಾಂಡ್‌ಬೈ.’

ಒಳ್ಳೆಯ ಕಂಟ್ರೋಲರ್ ಇದಕ್ಕೆ ಉದ್ದನೆಯ ಉತ್ತರ ಕೊಡುವುದಿಲ್ಲ. ಮೇಡೇ ಸ್ವೀಕರಿಸಿದೆ, ಸಿದ್ಧವಾದಾಗ ಉದ್ದೇಶ ತಿಳಿಸಿ ಎಂದು ಹೇಳಿ, ಹಿಂದೆ ಹೊರಡಲಿದ್ದ ವಿಮಾನವನ್ನು ತಡೆಯುತ್ತಾನೆ. ಮುಂದಿನ ಐದು ನಿಮಿಷದಲ್ಲಿ ಯಾರು ಎಲ್ಲಿರುತ್ತಾರೆ ಎಂದು ನೋಡುತ್ತಾನೆ. ಬೆಂಗಳೂರಿಗೆ ಒಂದಕ್ಕೊಂದು ಸಮಾಂತರವಾದ, ತಲಾ 4,000 ಮೀಟರ್ ಉದ್ದದ ಎರಡು ರನ್‌ವೇಗಳಿರುವುದು ಇಲ್ಲಿ ದೊಡ್ಡ ಅನುಕೂಲ. ಒಂದನ್ನು ಸಹ್ಯಾದ್ರಿ 412ಕ್ಕೆ ಮೀಸಲಿಟ್ಟು ಇನ್ನೊಂದರಲ್ಲಿ ಉಳಿದವರನ್ನು ಇಳಿಸಬಹುದು. ಇದೇ ಘಟನೆ ಗುಡ್ಡದ ನೆತ್ತಿಯ ಮೇಲಿರುವ, ಒಂದೇ ಮುಖ್ಯ ರನ್‌ವೇಯ ಮಂಗಳೂರಿನಲ್ಲಾದರೆ ಮೊದಲು ಯಾರನ್ನು ಇಳಿಸಬೇಕು, ಯಾರನ್ನು ಬೇರೆಡೆಗೆ ಕಳಿಸಬೇಕು ಎಂಬುದೇ ದೊಡ್ಡ ತಲೆನೋವು. ಕೆಟ್ಟ ವಿಮಾನ ರನ್‌ವೇ ಮೇಲೆ ನಿಂತುಬಿಟ್ಟರೆ ಉಳಿದವರಿಗೆ ಇಳಿಯಲು ಜಾಗವಿಲ್ಲ.

ಪೈಲಟ್ ಮತ್ತೆ ಕರೆದಾಗ ತನಗೆ ಬೇಕಾದದ್ದನ್ನು ನೇರ ಹೇಳುತ್ತಾನೆ. ಹತ್ತು ನಿಮಿಷ ನೇರ ಹಾರಿಸಿ, ಚೆಕ್‌ಲಿಸ್ಟ್ ಮುಗಿಸಬೇಕು, ನಂತರ ರನ್‌ವೇಗೆ ನೇರವಾಗಿ ಇಳಿದುಬರಲು ಉದ್ದನೆಯ ಫೈನಲ್ ಕೊಡಿ, ಇಳಿದ ಮೇಲೆ ರನ್‌ವೇಯಲ್ಲೇ ನಿಲ್ಲುತ್ತೇನೆ. ಕಂಟ್ರೋಲರ್ ಬೆಟ್ಟದ ದಿಕ್ಕನ್ನು ಬಿಟ್ಟು ದಿಶೆ ಕೊಡುತ್ತಾನೆ. ಬಿಗಿ ತಿರುವುಗಳನ್ನೂ ಮತ್ತೆ ಮತ್ತೆ ತರಂಗಾಂತರ ಬದಲಿಸುವುದನ್ನೂ ತಪ್ಪಿಸುತ್ತಾನೆ. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಇಂಧನ ಚೆಲ್ಲುವ ಏರ್ಪಾಡಿಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರೆ ಅನಗತ್ಯ ಪ್ರಶ್ನೆಗಳು ತಪ್ಪುತ್ತವೆ. ಅವು ಸುತ್ತಿ ಇಂಧನ ಸುಡಬೇಕು, ಇಲ್ಲವೆ ಭಾರವಾಗಿಯೇ ಇಳಿಯಬೇಕು. 777 ಅಥವಾ 747 ಆಗಿದ್ದರೆ ಚೆಲ್ಲಲು ಎತ್ತರವೂ ಪ್ರತ್ಯೇಕ ಜಾಗವೂ ಬೇಕಾಗುತ್ತದೆ.

ಅವಸರ ಯಾವಾಗ ಬೇಡ ಎಂಬುದಕ್ಕೆ ಕ್ವಾಂಟಾಸ್ 32 ಒಳ್ಳೆಯ ನಿದರ್ಶನ. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಆ ಏರ್‌ಬಸ್ 380ರ ಎಡಬದಿಯ ಎಂಜಿನ್ ಸಿಡಿದು ಚೂರುಗಳು ರೆಕ್ಕೆಯನ್ನು ತೂತುಮಾಡಿದವು. ಬೆಂಕಿ ಹಬ್ಬುತ್ತಿರಲಿಲ್ಲ, ವಿಮಾನ ಹಾರುತ್ತಿತ್ತು, ಇಂಧನವೂ ಇತ್ತು. ಪೈಲಟ್‌ಗಳು ಪ್ಯಾನ್ ಕರೆ ಕೊಟ್ಟರು, ಸುತ್ತುಹಾಕಲು ಜಾಗ ಕೇಳಿದರು, ಪರದೆಯ ಮೇಲೆ ಒಂದರ ಹಿಂದೊಂದು ಬಂದ ಎಚ್ಚರಿಕೆಗಳನ್ನು ಸುಮಾರು 50 ನಿಮಿಷ ಕುಳಿತು ಬಗೆಹರಿಸಿದರು. ಬಳಿಕ ಇಳಿದರು. 469 ಜನರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ಕಂಟ್ರೋಲರ್ ಅವರಿಗೆ ಕೊಟ್ಟ ದೊಡ್ಡ ನೆರವು ಅಡ್ಡಿಪಡಿಸದೆ ಇದ್ದದ್ದು. ಸಿಮ್ಯುಲೇಶನ್ನಿನಲ್ಲಿ ಪ್ರತಿಯೊಂದು ದೋಷಕ್ಕೂ ಮೇಡೇ ಎಂದು ಕೂಗಿ ಹತ್ತಿರದ ರನ್‌ವೇಗೆ ಮೂತಿ ಬಗ್ಗಿಸುವ ಚಪಲಕ್ಕೆ ಈ ಹಾರಾಟ ಒಳ್ಳೆಯ ಮದ್ದು.

ರೇಡಿಯೊ ಕೆಡುವುದು ಮನೆ ಪೈಲಟ್‌ಗಳಿಗೆ ಆಗಾಗ ಒದಗುವ ತೊಂದರೆ. ಬಹುತೇಕ ಸಲ ಕೆಟ್ಟಿರುವುದು ಹೆಡ್‌ಸೆಟ್ಟು ಅಥವಾ ಕಂಪ್ಯೂಟರಿನ ಧ್ವನಿ ಸೆಟ್ಟಿಂಗು. ನಿಜವಾದ ವಿಮಾನದಲ್ಲಾದರೆ ಟ್ರಾನ್ಸ್‌ಪಾಂಡರಿಗೆ ರೇಡಿಯೊ ಕೆಟ್ಟಿದೆ ಎಂದು ಸೂಚಿಸುವ 7600 ಹಾಕಿ ಗೊತ್ತುಪಡಿಸಿದ ಮಾರ್ಗದಲ್ಲಿ ಮುಂದುವರಿಯಬೇಕು, ಗೋಪುರದ ಬಣ್ಣದ ದೀಪದ ಸಂಜ್ಞೆ ನೋಡಿ ಇಳಿಯಬೇಕು. ಜಾಲದಲ್ಲಿ ಅದಕ್ಕಿಂತ ಸರಳ ದಾರಿಯಿದೆ. ಪಠ್ಯದ ಮೂಲಕ ಮಾತಾಡಬಹುದು, ಕೇಳಿಸುತ್ತದೆ ಆದರೆ ಮಾತಾಡಲಾಗದು ಎಂಬುದನ್ನು ಫ್ಲೈಟ್ ಪ್ಲಾನಿನಲ್ಲೇ ನಮೂದಿಸಬಹುದು. ಕಂಟ್ರೋಲರ್‌ನ ಸಂಪರ್ಕವೇ ಕಡಿದು ಆತ ಪರದೆಯಿಂದ ಮಾಯವಾದರೆ ಗಾಬರಿ ಬೇಡ. ಕೊನೆಯ ಅನುಮತಿಯಂತೆ ಹಾರುತ್ತ, 122.8 ಮೆಗಾಹರ್ಟ್ಸ್‌ನ ಯೂನಿಕಾಮ್ ತರಂಗಾಂತರಕ್ಕೆ ಬಂದು ತನ್ನ ಚಲನೆಗಳನ್ನು ಸುತ್ತಲಿನವರಿಗೆ ತಿಳಿಸುತ್ತಿದ್ದರೆ ಸಾಕು.

ಮನೆಯದೇ ತುರ್ತುಗಳೂ ಇವೆ. ಬಾಗಿಲು ಬಡಿಯುವವರು, ಅಳುವ ಮಗು, ಒಲೆಯ ಮೇಲೆ ಉಕ್ಕುವ ಹಾಲು. ಪೈಲಟ್ ಕುರ್ಚಿ ಬಿಟ್ಟು 30 ನಿಮಿಷಕ್ಕಿಂತ ಹೆಚ್ಚು ದೂರ ಇರುವಂತಿಲ್ಲ ಎಂಬುದು ವ್ಯಾಟ್ಸಿಮ್ ನಿಯಮ. ಆದರೆ ಕಂಟ್ರೋಲರ್‌ನ ಸುಪರ್ದಿಯಲ್ಲಿ ಇಳಿಯುತ್ತಿರುವಾಗ ಎರಡೇ ನಿಮಿಷವೂ ಬಹಳ ದೀರ್ಘ. ಹೇಳಿ ಜಾಲದಿಂದ ಹೊರಬೀಳುವುದು ಅಲ್ಲಿ ಮರ್ಯಾದೆಯ ದಾರಿ. ಹೇಳದೆ ಕೇಳದೆ ಮೌನವಾದ ವಿಮಾನ ಇತರರ ದಾರಿಗೆ ಅಡ್ಡ ನಿಂತಾಗ ಕಂಟ್ರೋಲರ್ ‘ವಾಲಪ್’ ಎಂಬ ಆದೇಶ ಟೈಪು ಮಾಡಿ ಜಾಲದ ಮೇಲ್ವಿಚಾರಕರನ್ನು ಕರೆಯುತ್ತಾನೆ. ಕಂಟ್ರೋಲರ್ ಬೇಡವೆಂದ ಮೇಲೂ ಮೇಡೇ ಮುಂದುವರಿಸುವವರಿಗೂ ಅದೇ ಉಪಾಯ.

ವಿಮಾನ ಇಳಿದ ಮೇಲೂ ಕೆಲಸ ಪೂರ್ತಿ ಮುಗಿದಿರುವುದಿಲ್ಲ. ನಿಜವಾದ ನಿಲ್ದಾಣದಲ್ಲಿ ಅಗ್ನಿಶಾಮಕ ವಾಹನಗಳು ಬೆನ್ನಟ್ಟುತ್ತವೆ, ಚಕ್ರಗಳ ಶಾಖ ಅಳೆಯುತ್ತಾರೆ, ರನ್‌ವೇ ಮೇಲೆ ಚೂರುಗಳು ಬಿದ್ದಿವೆಯೇ ಎಂದು ಪರಿಶೀಲಿಸುತ್ತಾರೆ. ಕ್ವಾಂಟಾಸ್ 32ರ ಒಂದು ಎಂಜಿನ್ ಇಳಿದ ಬಳಿಕವೂ ಸುಮಾರು ಮೂರು ಗಂಟೆ ಆರದೆ ಓಡುತ್ತಲೇ ಇತ್ತು. ಜಾಲದಲ್ಲಿ ಈ ಯಾವುದೂ ಇಲ್ಲ. ಪೈಲಟ್ ತಾನಾಗಿ ರನ್‌ವೇ ತೆರವು ಮಾಡಿ ತುರ್ತು ಮುಗಿಯಿತೆಂದು ಹೇಳಬೇಕು. ಚಕ್ರ ಮುರಿದು ಅಲುಗಾಡದ ವಿಮಾನವಾದರೆ ಕಂಟ್ರೋಲರ್ ಒಂದೆರಡು ನಿಮಿಷ ರನ್‌ವೇ ಮುಚ್ಚಿದಂತೆ ನಟಿಸಿ, ಬರುತ್ತಿದ್ದವರನ್ನು ಮೇಲೆತ್ತಿ ಕಳಿಸಿ, ನಂತರ ಪೈಲಟ್‌ಗೆ ಜಾಲ ಕಡಿದುಕೊಂಡು ಗೇಟಿನಲ್ಲಿ ಮರಳಿ ಬರಲು ಹೇಳುತ್ತಾನೆ. ಪರದೆಯಿಂದ ವಿಮಾನ ಮರೆಯಾಗುತ್ತದೆ, ಕಾದಿದ್ದವರಿಗೆ ಇಳಿಯುವ ಅನುಮತಿ ಸಿಗುತ್ತದೆ. ಸಂಚಾರ ಕಡಿಮೆಯಾದ ಮೇಲೆ ಇಬ್ಬರೂ ಖಾಸಗಿ ಸಂದೇಶದಲ್ಲಿ ಯಾವ ಮಾತು ತಡವಾಯಿತು, ಯಾವ ದಿಶೆ ತಪ್ಪಿತು ಎಂದು ಕೇಳಿಕೊಳ್ಳುವ ರೂಢಿ ಹಲವು ಕಡೆ ಇದೆ. ಹಾರಾಟದ ರೆಕಾರ್ಡಿಂಗ್ ಇಟ್ಟುಕೊಂಡವರು ಮೇಡೇ ಹೇಳುವ ಮುನ್ನ ಎಷ್ಟು ಸೆಕೆಂಡು ಸುಮ್ಮನಿದ್ದರು ಎಂಬುದನ್ನೂ ಅದರಲ್ಲಿ ನೋಡಿಕೊಳ್ಳುತ್ತಾರೆ.